ಹೆಸರು ಮತ್ತು ಆಧಾರ: ಗಾಂಜಾ ಗ್ರಾಹಕಗಳ ಸಂಶೋಧನೆಯ ವಿಮರ್ಶೆ

'ಆನಂದಮೈಡ್' ಎಂಬ ಹೆಸರನ್ನು ಕೇಳಿದೊಡನೆ, ಆ ಶೋಧನೆಯ ತಿರುಳು ನಮ್ಮ ಪ್ರಾಚೀನರಿಗೆ ತಿಳಿದೇ ಇತ್ತೆಂಬ ಮಾತು ತರಗತಿಗಳಲ್ಲಿಯೂ ಕೇಳಿಬರುವುದುಂಟು. ಈ ವಾದವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗಾಂಜಾದ ಮಾದಕಾಂಶವು ಕೊಬ್ಬಿನಲ್ಲಿ ಕರಗತಕ್ಕದ್ದು. ಆದ್ದರಿಂದ ಅದು ಜೀವಕೋಶದ ಪೊರೆಯನ್ನೇ ಕದಡಿ ಅಮಲೇರಿಸುವುದೆಂದು ಅನೇಕ ವಿಜ್ಞಾನಿಗಳು ಊಹಿಸಿದ್ದರು. ಈ ಊಹೆಯನ್ನು ಅಲುಗಿಸಿದವರು ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯದ ಔಷಧವಿಜ್ಞಾನಿ ಆಲಿನ್ ಹೌಲೆಟ್. ವಿಲಿಯಂ ಡಿವೇನ್ ಮೊದಲಾದವರೊಡನೆ ಅವರು 1988ರಲ್ಲಿ, ವಿಕಿರಣಶೀಲ ಗುರುತುಳ್ಳ ಕೃತಕ ಸಂಯುಕ್ತವೊಂದು ಇಲಿಯ ಮಿದುಳಿನ ನಿಯತ ಸ್ಥಾನಗಳಿಗೆ ಅಂಟುವುದನ್ನು ಅಳೆದು ತೋರಿಸಿದರು. ಊಹೆಯ ಎಡೆಯಲ್ಲಿ ಅಳತೆಯನ್ನಿರಿಸಿದುದೇ ಆ ಪ್ರಬಂಧದ ಹಿರಿಮೆ. 1992ರಲ್ಲಿ ಜೆರೂಸಲೆಮಿನ ರಾಫೆಲ್ ಮೆಶೂಲಮ್ ಅವರ ತಂಡವು ಅದೇ ಗ್ರಾಹಕಕ್ಕೆ ಹೊಂದುವ ದೇಹಜನ್ಯ ವಸ್ತುವನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿ, ಸಂಸ್ಕೃತದ 'ಆನಂದ' ಶಬ್ದದಿಂದ ಅದಕ್ಕೆ ಹೆಸರಿಟ್ಟಿತು.

ಹೆಸರು ಗೌರವಸೂಚಕವೇ ಹೊರತು ಸಾಕ್ಷ್ಯವಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸೇವಿಸುವ ರೂಢಿಯು ವರದಿಯಾಗಿದೆ. ಇಂತಹ ಆಚಾರಗಳು ಬಳಕೆಗೆ ಸಾಕ್ಷಿ, ಕಾರಣಜ್ಞಾನಕ್ಕೆ ಅಲ್ಲ.

ಹಾಗೆಂದು ಈ ಇತಿಹಾಸದಲ್ಲಿ ನಮ್ಮ ಪಾಲಿಲ್ಲವೆಂದಲ್ಲ. 1839ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಓಷಾನೆಸ್ಸಿಯು ಗಾಂಜಾದ ವೈದ್ಯಪ್ರಯೋಗಗಳನ್ನು ಮಂಡಿಸಿದಾಗ, ದೇಶೀಯ ಗ್ರಂಥಗಳನ್ನು ಅರಿಯಲು ಪಂಡಿತರ, ಹಕೀಮರ ನೆರವನ್ನು ಪಡೆದಿದ್ದನು. ಪಾಶ್ಚಾತ್ಯ ವೈದ್ಯವು ಈ ಗಿಡವನ್ನು ಗಂಭೀರವಾಗಿ ಗಮನಿಸುವಂತಾದುದು ಬಹುಮಟ್ಟಿಗೆ ಆ ಬರಹದಿಂದ. ನಮ್ಮವರ ಋಣವನ್ನು ಅಲ್ಲಿ, ದಾಖಲೆಯಲ್ಲಿ, ಹುಡುಕುವುದು ಲೇಸು. ಇಲ್ಲದ ಕೀರ್ತಿಯನ್ನು ಬಯಸುವವನು ಇದ್ದ ಕೀರ್ತಿಯನ್ನೂ ಸಂಶಯಕ್ಕೀಡುಮಾಡುತ್ತಾನೆ.