ಕಕ್ಕಡದ ಮಳೆಗೆ ತಾಳುವ ಗುಲಾಬಿ ಯಾವುದು?

ಗುಲಾಬಿ ಗಿಡವನ್ನು ಹೂವಿನ ಅಂದ ನೋಡಿ ಕೊಳ್ಳುವ ರೂಢಿ ಕೊಡಗಿನ ಬಾಳೆಲೆ ಊರಿನ ಹವೆಗೆ ಒಗ್ಗುವುದಿಲ್ಲ. ನರ್ಸರಿಯ ಮುಂದಿನ ಸಾಲಿನಲ್ಲಿ ಕಣ್ಸೆಳೆಯುವುದು ಹೈಬ್ರಿಡ್ ಟೀ: ಉದ್ದನೆಯ ತೊಟ್ಟು, ಅದರ ತುದಿಗೆ ಒಂದೇ ದೊಡ್ಡ ಹೂ. 1867ರ ‘ಲಾ ಫ್ರಾನ್ಸ್’ ತಳಿಯಿಂದ ಎಣಿಕೆಗೆ ಬಂದ ಈ ವರ್ಗ ಒಣಹವೆಯಲ್ಲಿ ಮೆರೆಯುತ್ತದೆ. ದಕ್ಷಿಣ ಕೊಡಗಿನ ಮಳೆಗಾಲದಲ್ಲಿ ಅದರ ಒತ್ತೊತ್ತಾದ ಎಸಳುಗಳು ನೆನೆದು ಒಂದಕ್ಕೊಂದು ಅಂಟಿ, ಮೊಗ್ಗು ಬಿರಿಯುವ ಮೊದಲೇ ಕೊಳೆಯುತ್ತದೆ.

ಕಪ್ಪುಚುಕ್ಕೆ ರೋಗ ಇನ್ನೂ ಕಠಿಣ. ಅದರ ಶಿಲೀಂಧ್ರ ಎಲೆಗೆ ತಗಲಲು ಸುಮಾರು 7 ಗಂಟೆಯ ತೇವ ಸಾಕು. ಜಡಿಮಳೆಯ ಕಕ್ಕಡ ತಿಂಗಳಲ್ಲಿ ಎಲೆ ದಿನಗಟ್ಟಲೆ ಆರುವುದಿಲ್ಲ, ಸಿಂಪಡಿಸಿದ ಔಷಧಿ ಮಳೆಯಲ್ಲಿ ತೊಳೆದುಹೋಗುತ್ತದೆ.

ಹಾಗಾಗಿ ಅಂಗಳದ ಮೊದಲ ಜಾಗ ಸಲ್ಲಬೇಕಾದದ್ದು ಗೊಂಚಲಾಗಿ ಹೂ ಬಿಡುವ ಗಿಡಗಳಿಗೆ. ಒಂದು ಹೂ ಮಳೆಗೆ ಹಾಳಾದರೂ ಅದೇ ಗೊಂಚಲಿನ ಇನ್ನೊಂದು ಅರಳುತ್ತದೆ. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಿಂದ ಬಂದ ‘ಎಡ್ವರ್ಡ್’ ಗುಲಾಬಿ ಭಾರತದಲ್ಲಿ ಬೇಲಿಗೂ ಕಸಿಯ ಬುಡಕ್ಕೂ ಬಳಕೆಯಾದ ಗಟ್ಟಿ ಗಿಡ; ಪರಿಮಳವೂ ಉಂಟು. 1897ರ ‘ಗ್ರುಸ್ ಆನ್ ಟೆಪ್ಲಿಟ್ಸ್’ ಕಡುಗೆಂಪು, ಸುವಾಸನೆಯ ಹೂ. ಈ ಹಳಬರನ್ನು ಹೊಸ ಬಣ್ಣಗಳ ಭರಾಟೆಯಲ್ಲಿ ಮೂಲೆಗೆ ತಳ್ಳಿರುವುದು ದೊಡ್ಡ ನಷ್ಟ.

ತಳಿ ಬೆಳೆಸುವವರ ಕೆಲಸವನ್ನೂ ಇದೇ ಒರೆಗೆ ಹಚ್ಚಬೇಕು. ಯುರೋಪಿನ ತಳಿಗಾರರು ಹೆಚ್ಚಾಗಿ ಚಳಿ ತಾಳುವ ಗುಣವನ್ನು ಹುಡುಕಿದರು. ಕೊಡೈಕೆನಾಲ್‌ನ ಎಂ.ಎಸ್. ವೀರರಾಘವನ್ ಬೇರೆ ದಾರಿ ಹಿಡಿದು, ಭಾರತದ ಕಾಡುಗುಲಾಬಿಗಳಾದ ರೋಸಾ ಕ್ಲೈನೋಫಿಲ್ಲಾ ಮತ್ತು ರೋಸಾ ಜೈಜಾಂಟಿಯಾಗಳಿಂದ ಬಿಸಿ ನಾಡಿಗೆ ಒಗ್ಗುವ ತಳಿಗಳನ್ನು ರೂಪಿಸಿದರು. ಕ್ಲೈನೋಫಿಲ್ಲಾ ನದಿದಡದಲ್ಲಿ, ಜೌಗಿನಲ್ಲಿ ಬೆಳೆಯುವ ಗುಲಾಬಿ. ಕೊಡಗಿನ ತೋಟಗಳಿಗೆ ಬೇಕಾದದ್ದು ಇಂಥ ಯೋಚನೆ.

ಆರೈಕೆಯಲ್ಲೂ ಊರಿನ ಲೆಕ್ಕವೇ ಸರಿ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ಮಧ್ಯದಲ್ಲಿ, ಮಳೆ ಬಿಡುವು ಕೊಟ್ಟಾಗ ಗಿಡ ಸವರಿದರೆ ಆರೇಳು ವಾರಗಳಲ್ಲಿ, ಹುತ್ತರಿ ಹಬ್ಬದ ಆಸುಪಾಸಿಗೆ ಹೂ ಬರುತ್ತದೆ. ಸಿಲ್ವರ್ ಓಕ್ ನೆರಳು ಕಾಫಿಗೆ ಹಿತ, ಗುಲಾಬಿಗೆ ಅಲ್ಲ. ಅದಕ್ಕೆ ದಿನಕ್ಕೆ 6 ಗಂಟೆ ಬಿಸಿಲು ಬೇಕು. ನೀರು ನಿಲ್ಲದಂತೆ ಮಡಿ ಎತ್ತರಿಸಬೇಕು, ಕಸಿಯ ಕೆಳಗೆ ಹೊರಡುವ ಚಿಗುರನ್ನು ಬುಡಸಮೇತ ಕಿತ್ತುಹಾಕಬೇಕು.

ಹೈಬ್ರಿಡ್ ಟೀ ಮೇಲೆ ಆಸೆಯಿದ್ದವರು ಒಂದೆರಡನ್ನು ಸೂರಿನಡಿ, ಮಳೆ ಬೀಳದ ಬಿಸಿಲಿನ ಜಗಲಿಯಂಚಿನಲ್ಲಿ ಕುಂಡದಲ್ಲಿ ಬೆಳೆಸಲಿ. ನೆಲದ ಮಡಿ ಎಡ್ವರ್ಡ್‌ಗೆ ಇರಲಿ.