ರೊಟ್ಟಿ ಕಾಯುವ ಒಡೆಯ

ಈ ವಾರವೆಲ್ಲ ನನ್ನ ನಾಲಿಗೆಯ ಮೇಲೆ ಆಡುತ್ತಿರುವ ಪದ ‘ಹ್ಲಾಫ್’. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ರೊಟ್ಟಿಗೆ ಇದೇ ಹೆಸರು. ಒಮ್ಮೆ ಹೇಳಿ ನೋಡಿ. ಮೊದಲು ಉಸಿರು ಹೊರಡುತ್ತದೆ, ಅದರ ಬೆನ್ನಿಗೇ ಲಕಾರ, ಬಿಸಿ ರೊಟ್ಟಿ ಮುರಿದು ಊದಿಕೊಂಡ ಹಾಗೆ. ಬರಬರುತ್ತ ಆ ಉಸಿರು ಆರಿ ಇಂದಿನ ‘ಲೋಫ್’ ಉಳಿಯಿತು.

ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಅದರ ಸಂತಾನ ನೋಡಿ. ಹ್ಲಾಫ್ ಜೊತೆಗೆ ಕಾವಲುಗಾರ ಎಂಬರ್ಥದ ‘ವೆಆರ್ಡ್’ ಕೂಡಿ ‘ಹ್ಲಾಫ್‌ವೆಆರ್ಡ್’ ಆಯಿತು. ಅದು ಸವೆದು ‘ಹ್ಲಾಫೋರ್ಡ್’, ಮತ್ತೂ ಸವೆದು ‘ಲಾರ್ಡ್’. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಲಾರ್ಡ್ ಕಾರ್ನ್‌ವಾಲಿಸನ ಬಿರುದಿನ ಬುಡದಲ್ಲಿ ಇರುವವನು ಮನೆಮಂದಿಯ ರೊಟ್ಟಿ ಕಾಯುವ ಯಜಮಾನ!

‘ಲೇಡಿ’ ಇನ್ನೂ ಚೆಂದ. ಹಳೆಯ ರೂಪ ‘ಹ್ಲ್ಯಾಫ್‌ದೀಯೆ’, ರೊಟ್ಟಿಯ ಹಿಟ್ಟು ನಾದುವವಳು. ಆ ‘ದೀಯೆ’, ನಾದಿದ ಹಿಟ್ಟಿಗೆ ಇಂಗ್ಲಿಷರು ಹೇಳುವ ‘ಡೋ’, ಸಂಸ್ಕೃತದ ‘ದೇಹ’, ಮೂರೂ ಒಂದೇ ಬೇರಿನವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ನಾದು, ಮೆತ್ತು, ರೂಪ ಕೊಡು ಎಂಬುದು ಆ ಧಾತುವಿನ ಅರ್ಥ. ಇದನ್ನು ಓದಿದ ಮರುದಿನ ಬೆಳಿಗ್ಗೆ ಚಪಾತಿಗೆ ಹಿಟ್ಟು ಕಲಸುವಾಗ ನನ್ನ ಕೈ ತಾನಾಗಿ ನಿಂತಿತು. ಬೆರಳೊತ್ತಿದ ಕುಳಿ ಮೆಲ್ಲಗೆ ಮೇಲೇಳುತ್ತಿತ್ತು, ಮಗುವಿನ ಕೆನ್ನೆಯಂತೆ.

ಉಣ್ಣುವವನಿಗೂ ಹೆಸರಿತ್ತು. ಕ್ರಿ.ಶ. 600ರ ಸುಮಾರಿಗೆ ಕೆಂಟ್ ಪ್ರಾಂತ್ಯದ ದೊರೆ ಎಥೆಲ್ಬರ್ಟ್ ಮಾಡಿಸಿದ ಕಟ್ಟಳೆಗಳಲ್ಲಿ ಆಳಿಗೆ ‘ಹ್ಲಾಫ್‌ಎಟ’, ರೊಟ್ಟಿ ತಿನ್ನುವವ, ಎಂದಿದೆ. ಸಾಮಾನ್ಯ ರೈತನ ಅಂಥ ಆಳನ್ನು ಕೊಂದರೆ 6 ಶಿಲ್ಲಿಂಗ್ ದಂಡ. ಇಂಗ್ಲಿಷಿನಲ್ಲಿ ಬರೆದ ಕಾನೂನುಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು ಇದೇ.

ಇಲ್ಲಿ ನನಗೆ ಹಳಗನ್ನಡದ ‘ಜೋಳವಾಳಿ’ ನೆನಪಾಗದೆ ಇರುವುದಿಲ್ಲ. ಒಡೆಯನ ಜೋಳ ಉಂಡವನು ಆ ಋಣವನ್ನು ರಣದಲ್ಲಿ ಪ್ರಾಣ ಕೊಟ್ಟು ತೀರಿಸುವ ನೇಮ ಅದು. ನಮ್ಮವರು ಉಂಡವನ ಹೊಣೆಗೆ ಹೆಸರಿಟ್ಟರು. ಇಂಗ್ಲಿಷರು ಉಣಿಸುವವನ ಹೊಣೆಯನ್ನೂ ಅವನ ಬಿರುದಿಗೇ ಕಟ್ಟಿದರು. ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಲಾರ್ಡ್ ಎನ್ನುವಾಗ ಇಂದು ಆ ರೊಟ್ಟಿಯ ವಾಸನೆ ಯಾರ ಮೂಗಿಗೂ ಬಡಿಯುವುದಿಲ್ಲವೆಂದು ಬೇಸರ.

ಆಗಸ್ಟ್ 1ರ ‘ಲ್ಯಾಮಸ್’ ಹಬ್ಬದ ಹೆಸರಿನಲ್ಲೂ ಹ್ಲಾಫ್ ಅಡಗಿದೆ. ಅಂದು ಹೊಸ ಫಸಲಿನ ಗೋಧಿಯಲ್ಲಿ ಸುಟ್ಟ ಮೊದಲ ರೊಟ್ಟಿಯನ್ನು ಚರ್ಚಿಗೆ ಒಯ್ಯುತ್ತಿದ್ದರು.