ಬೇಳೆ, ಹುಳಿ ಮತ್ತು ಕಟ್ಟು

ಕಾಳಿನ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದಾಗ ತೊಗರಿಬೇಳೆ ಬೇಯುತ್ತದೆ. ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಅದು ಬೇಗ ಕರಗುವುದಿಲ್ಲ, ಹುಳಿ ಬಿದ್ದರೂ ಅಷ್ಟೇ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಬೇಳೆ ಕಲ್ಲಿನಂತೆ ಕೂರುವುದು ಇದರಿಂದಲೇ. ಹುಣಸೆರಸ, ಟೊಮೆಟೊ ಏನಿದ್ದರೂ ಬೇಳೆ ನುಣ್ಣಗೆ ಬೆಂದ ಮೇಲೆ. ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಅದರಿಂದ ಬಿ1 ಜೀವಸತ್ವ ಹಾಳಾಗುತ್ತದೆ. ಅರ್ಧ ಗಂಟೆ ನೆನೆಸಿದರೆ ಸೋಡಾದ ಹಂಗೇ ಬೇಡ. ವರ್ಷ ದಾಟಿದ ಹಳೆಯ ಬೇಳೆ ಮಾತ್ರ ನೆನೆದರೂ ಸತಾಯಿಸುತ್ತದೆ.

ಬೆಂದ ನೀರನ್ನು ಚೆಲ್ಲುವುದು ನಿಜಕ್ಕೂ ನಷ್ಟ. ಫೋಲೇಟ್, ಪೊಟ್ಯಾಶಿಯಂ ಕರಗಿ ಸೇರುವುದು ಅದರಲ್ಲೇ. ಕನ್ನಡದ ಅಡುಗೆಮನೆ ಇದನ್ನು ಎಂದೂ ಚೆಲ್ಲಿಲ್ಲ. ಹಳೇ ಮೈಸೂರಿನ ಬಸ್ಸಾರು ಹುಟ್ಟಿದ್ದೇ ಸೊಪ್ಪು, ಕಾಳು ಬಸಿದ ನೀರಿನಿಂದ. ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ದಿನ ಕಡಲೆಬೇಳೆಯನ್ನು ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿ ಕಟ್ಟು ಬಸಿಯುತ್ತಾರೆ. ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಹುರಿದ ಒಣಕೊಬ್ಬರಿಯ ಮಸಾಲೆ, ಹುಣಸೆರಸ, ಬೆಲ್ಲ ಸೇರಿಸಿ ಕುದಿಸಿ, ಇಂಗಿನ ಒಗ್ಗರಣೆ ಕೊಟ್ಟರೆ ಕಟ್ಟಿನ ಸಾರು. ಹೋಳಿಗೆಗಿಂತ ಈ ಸಾರೇ ಮೇಲು ಎಂದರೂ ತಪ್ಪಾಗದು.

ಪೋಷಣೆಯ ಲೆಕ್ಕದಲ್ಲಿ ತಿಳಿಸಾರನ್ನು ನೆಚ್ಚಿಕೊಳ್ಳುವಂತಿಲ್ಲ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಆದರೆ ನೀರು ನೀರಾದ ಸಾರಿನ ಬಟ್ಟಲಿಗೆ ಬೀಳುವ ಬೇಳೆ ಒಂದೆರಡು ಚಮಚ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ, 2,000 ಕಿಲೊ ಕ್ಯಾಲರಿಯ ದಿನದೂಟದಲ್ಲಿ ಬೇಳೆಕಾಳಿಗೆ 85 ಗ್ರಾಂ ಇಡುತ್ತದೆ. ಮಾಂಸಾಹಾರಿಗಳಿಗೆ ಮೊಟ್ಟೆ, ಮಾಂಸವೂ ಈ ಲೆಕ್ಕಕ್ಕೇ ಸೇರುತ್ತವೆ. ಅಷ್ಟಾಗಬೇಕಾದರೆ ಗಟ್ಟಿ ತೊವ್ವೆ, ಉಸಲಿ, ಕಾಳಿನ ಪಲ್ಯ ತಟ್ಟೆಗೆ ಬರಬೇಕು. ಅನ್ನದಲ್ಲಿ, ಜೋಳದ ರೊಟ್ಟಿಯಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕೊರತೆಯಾದ ಮೆಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಸೇರಿದರೆ ಊಟ ತುಂಬಿದಂತೆ.

ಬೇಳೆಯ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಅದಕ್ಕೆ ನಿಂಬೆರಸದ ಸಿ ಜೀವಸತ್ವ ನೆರವಾಗುತ್ತದೆ, ಊಟದ ಜೊತೆಗಿನ ಚಹಾ ಅಡ್ಡಿಯಾಗುತ್ತದೆ. ಕಾವಿಗೆ ಆ ಸತ್ವ ಕೆಡುವುದರಿಂದ ನಿಂಬೆ ಹಿಂಡುವುದು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ.

ಹುರುಳಿ, ಅಲಸಂದೆ, ಮಡಕಿಯಂಥ ಇಡೀ ಕಾಳು ಹೊಟ್ಟೆಯುಬ್ಬರ ತರುವುದು ಕರುಳಿನಲ್ಲಿ ಜೀರ್ಣವಾಗದ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿಂದ. ರಾತ್ರಿ ನೆನೆಸಿದ ನೀರನ್ನು ಮಾತ್ರ ಚೆಲ್ಲಬಹುದು, ಆ ಸಕ್ಕರೆಗಳ ಒಂದು ಪಾಲು ಅದರ ಜೊತೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದರೆ ಇನ್ನಷ್ಟು ಕರಗುತ್ತವೆ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕೂಡ ತಗ್ಗುತ್ತದೆ.